ಮಗ್ಗುಲ ಮುಳ್ಳಿಗೆ ಯಾವ ಹಾಸಿಗೆ?

ನಮ್ಮ ಮಾತಿನಲ್ಲಿ 'ಸೊಂಟ'ದಷ್ಟು ಧಾರಾಳವಾದ ಪದ ಇನ್ನೊಂದಿಲ್ಲ. ಪಕ್ಕೆಲುಬು ಮುಗಿಯುವಲ್ಲಿಂದ ತೊಡೆ ಶುರುವಾಗುವವರೆಗೆ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ಎಲ್ಲಿ ನೋವು ಕಾಣಿಸಿಕೊಂಡರೂ ಅದು ಸೊಂಟನೋವೇ. ಹೆಂಗಸರು ಕೊಡ ಇಟ್ಟುಕೊಳ್ಳುವುದು ಸೊಂಟದ ಮೇಲೆ, ಡಾಬು ಕಟ್ಟಿಕೊಳ್ಳುವುದು ಸೊಂಟಕ್ಕೆ, ಬಗ್ಗಿ ರಂಗೋಲಿ ಬಿಟ್ಟು ಏಳುವಾಗ 'ಅಮ್ಮಾ' ಎಂದು ಹಿಡಿದುಕೊಳ್ಳುವುದೂ ಸೊಂಟವನ್ನೇ. ಈ ಮೂರೂ ಜಾಗಗಳು ಬೇರೆ ಬೇರೆ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ತೆಗೆಯಲೇಬೇಕಾದ ಪ್ರಸಂಗ ಒಂದಿದೆ: ನೋವಿಗೆಂದು ಹಾಸಿಗೆ ಕೊಳ್ಳಲು ಹೊರಟಾಗ. ಯಾವ ಸೊಂಟ ಎಂಬುದು ಗೊತ್ತಾಗದೆ ಯಾವ ಹಾಸಿಗೆ ಎಂದು ಹೇಳಲು ಬರುವುದಿಲ್ಲ.

ನನ್ನ ಹೆಂಡತಿಗೆ ಈ ನೋವು ಅಂಟಿಕೊಂಡದ್ದು 2023ರ ಚಳಿಗಾಲದಲ್ಲಿ. ಆಗ ಅವಳಿಗೆ 49. ಹಗಲು ಹೊತ್ತು ಓಡಾಡಿಕೊಂಡೇ ಇರುವವಳು. ನೋವಿದೆ ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ರಾತ್ರಿ ಬಲಮಗ್ಗುಲಿಗೆ ಹೊರಳಿದರೆ ಅರ್ಧ ಗಂಟೆಯಲ್ಲಿ ಎಚ್ಚರ. ಎಡಕ್ಕೆ ಹೊರಳಿದರೂ ಬಲಗಡೆಯೇ ಎಳೆತ. ಅಂಗಾತ ಮಲಗಿ ಅಭ್ಯಾಸವಿಲ್ಲ. ಮಗ್ಗುಲ ಮುಳ್ಳು ಎಂದು ನಾವು ಬೇರೆ ಅರ್ಥದಲ್ಲಿ ಆಡುವ ಮಾತು ಅವಳ ಪಾಲಿಗೆ ಅಕ್ಷರಶಃ ನಿಜವಾಗಿತ್ತು. ಆದರೆ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಂಡುಹಿಡಿದವಳು ನಮ್ಮ ಮಗಳು. ಎರಡನೇ ಪಿಯುಸಿ, ರಾತ್ರಿ ಬಹಳ ಹೊತ್ತು ಓದುತ್ತಿದ್ದಳು. ಒಂದು ದಿನ ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, 'ಅಪ್ಪ, ಅಮ್ಮ ದಿನಾ ಎರಡು ಗಂಟೆಗೆ ಎದ್ದು ಬಂದು ಹಾಲ್‌ನಲ್ಲಿ ಕುರ್ಚಿ ಮೇಲೆ ಕೂತ್ಕೊಂಡೇ ನಿದ್ದೆ ಮಾಡ್ತಾಳೆ. ನಿಂಗೆ ಗೊತ್ತಾ?' ಎಂದಳು. ಪರೀಕ್ಷೆಯ ವರ್ಷ ಮಕ್ಕಳ ನಿದ್ದೆಯನ್ನು ಕಾಯುವುದು ತಂದೆತಾಯಿಗಳ ಕೆಲಸ. ನಮ್ಮ ಮನೆಯಲ್ಲಿ ಅದು ತಿರುವುಮುರುವಾಗಿತ್ತು.

ಕೇಳಿದರೆ, 'ವಯಸ್ಸಾಯ್ತಲ್ಲ ರೀ, ಇದೆಲ್ಲ ಇದ್ದದ್ದೇ' ಎಂಬ ಉತ್ತರ. ಇನ್ನೂ ಒತ್ತಾಯಿಸಿದ ಮೇಲೆ ನಿಜವಾದ ಕಾರಣ ಹೊರಬಿತ್ತು. 'ಇನ್ನಾರು ತಿಂಗಳಿಗೆ ಇವಳ ಕಾಲೇಜಿಗೆ ದುಡ್ಡು ಕಟ್ಟಬೇಕು. ಈಗ ನೀವು ಡಾಕ್ಟ್ರು, ಹಾಸಿಗೆ ಅಂತ ಶುರು ಮಾಡಬೇಡಿ. ನಾನು ಚಾಪೆ ಮೇಲೆ ಮಲಗ್ತೀನಿ, ಸರಿಹೋಗತ್ತೆ.'

ಚಾಪೆಯ ಮೇಲೆ ಮಲಗಿದರೆ ಸೊಂಟ ಗಟ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬಲವಾಗಿದೆ. ಕಷ್ಟಪಟ್ಟು ಮಲಗಿದವರಿಗೇ ಆರೋಗ್ಯ ಎಂಬ ಒಂದು ನೈತಿಕ ಭಾವನೆಯೂ ಅದರಲ್ಲಿ ಸೇರಿಕೊಂಡಿರಬೇಕು. ವಿಷಯ ಹೊರಗೆ ಬಿದ್ದದ್ದೇ ತಡ, ಬೀದಿಯವರೆಲ್ಲ ಹಾಸಿಗೆ ತಜ್ಞರಾದರು. ಒಬ್ಬರು ಮಂಚಕ್ಕೆ ಹಲಗೆ ಹಾಕಿಸಿ ಎಂದರು. ಇನ್ನೊಬ್ಬರು ಬೂರುಗದ ಹತ್ತಿಯ ಹಾಸಿಗೆಯನ್ನು ಹೊಗಳಿದರು. ಮತ್ತೊಬ್ಬರು, ಒಳಗೆ ಆಯಸ್ಕಾಂತ ಇಟ್ಟು ಹೊಲಿದ ಹಾಸಿಗೆಯೊಂದರ ಚೀಟಿ ತಂದು ಕೊಟ್ಟರು. ಅದು ರಕ್ತದಲ್ಲಿರುವ ಕಬ್ಬಿಣವನ್ನು ಎಳೆದು ನೋವು ಕಳೆಯುತ್ತದಂತೆ. ವರ್ಷ ವರ್ಷವೂ ಆಯಸ್ಕಾಂತದ ಪಾಠ ಮಾಡುವ ನನಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ರಕ್ತದಲ್ಲಿ ಕಬ್ಬಿಣವಿದೆ, ನಿಜ. ಆದರೆ ಅದು ಹಿಮೋಗ್ಲೋಬಿನ್ನಿನ ಅಣುವಿನೊಳಗೆ ಬಂಧಿಯಾಗಿರುವ ಕಬ್ಬಿಣ. ಮೊಳೆಯ ಹಾಗೆ ಓಡಿ ಬಂದು ಅಂಟುವಂಥದ್ದಲ್ಲ.

ಹಾಸಿಗೆಗಿಂತ ಮೊದಲು ಡಾಕ್ಟರು ಎಂದು ಮಗಳು ಹಟ ಹಿಡಿದಳು. ನಮ್ಮ ತಿಪಟೂರಿನಿಂದ ತುಮಕೂರಿಗೆ ಹೋಗಿ ಮೂಳೆ ವೈದ್ಯರೊಬ್ಬರನ್ನು ಕಂಡೆವು. 'ಸೊಂಟ ನೋವು ಸಾರ್' ಎಂದು ನಾನು ಶುರು ಮಾಡುತ್ತಿದ್ದಂತೆ ಅವರು ನನ್ನನ್ನು ತಡೆದು, 'ಅಮ್ಮಾ, ನೀವೇ ಒಂದೇ ಒಂದು ಬೆರಳಿಟ್ಟು ತೋರಿಸಿ' ಎಂದರು. ಅವಳು ಬಲತೊಡೆಯ ಹೊರಮಗ್ಗುಲಲ್ಲಿ, ಪ್ಯಾಂಟು ಹಾಕಿದವರಿಗೆ ಜೇಬಿನ ಬಾಯಿ ಬರುವಲ್ಲಿ, ಒತ್ತಿದರೆ ಗಟ್ಟಿಯಾಗಿ ಕೈಗೆ ಸಿಗುವ ಮೂಳೆಯ ಮೇಲೆ ಬೆರಳಿಟ್ಟಳು.

ಆ ಒಂದು ಬೆರಳಿನಿಂದ ಅರ್ಧ ಕೆಲಸ ಮುಗಿಯಿತು. ತೊಡೆಯ ಕೀಲೇ ಸವೆದಿದ್ದರೆ ನೋವು ಸಾಮಾನ್ಯವಾಗಿ ಮುಂಭಾಗದಲ್ಲಿ, ತೊಡೆಸಂದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬೆನ್ನುಮೂಳೆಯಿಂದ ಹೊರಡುವ ನರ ಒತ್ತಿಹೋಗಿದ್ದರೆ ನೋವು ಹಿಂದಿನಿಂದ ಇಳಿದು ಮಂಡಿ ದಾಟಿ ಪಾದದ ಕಡೆಗೆ ಹರಿಯುತ್ತದೆ. ಹೊರಮಗ್ಗುಲ ಆ ಮೂಳೆ ತೊಡೆಮೂಳೆಯದೇ ಒಂದು ಉಬ್ಬು; ವೈದ್ಯರು ಗ್ರೇಟರ್ ಟ್ರೊಕ್ಯಾಂಟರ್ ಎನ್ನುತ್ತಾರೆ. ಕುಂಡೆಯ ಸ್ನಾಯುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಬಂದು ಅಂಟುವುದು ಅಲ್ಲಿ. ಅವುಗಳ ಮಗ್ಗುಲಲ್ಲೇ ಉಜ್ಜಾಟ ತಪ್ಪಿಸಲು ಜಾರು ದ್ರವದ ಪುಟ್ಟ ಚೀಲಗಳಿವೆ. ಮೊದಲೆಲ್ಲ ಈ ಚೀಲ ಊದಿಕೊಳ್ಳುವುದೇ ನೋವಿಗೆ ಕಾರಣವೆಂದು ತಿಳಿದಿದ್ದರು. ಹೆಚ್ಚಿನವರಲ್ಲಿ ತೊಂದರೆ ಇರುವುದು ಸ್ನಾಯುರಜ್ಜುವಿನಲ್ಲಿ ಎಂಬುದು ಈಗಿನ ತಿಳಿವಳಿಕೆ. 40ರಿಂದ 60ರ ನಡುವಿನ ಹೆಂಗಸರಲ್ಲಿ ಇದು ಹೆಚ್ಚು. ನೋವಿರುವ ಮಗ್ಗುಲಿಗೆ ಮಲಗಿದರೆ ಭಾರ ನೇರವಾಗಿ ಅದರ ಮೇಲೆ. ಇನ್ನೊಂದು ಮಗ್ಗುಲಿಗೆ ತಿರುಗಿದರೆ ನೋವಿನ ಕಾಲು ಮೇಲೆ ಬಂದು, ಮುಂದಕ್ಕೆ ಜಾರಿ, ಮಂಡಿ ಹಾಸಿಗೆಗೆ ತಾಗುತ್ತದೆ. ಆಗ ಅದೇ ಸ್ನಾಯುರಜ್ಜು ಮೂಳೆಯ ಉಬ್ಬಿನ ಮೇಲೆ ಬಿಗಿದುಕೊಳ್ಳುತ್ತದೆ. ಎಡಕ್ಕೆ ತಿರುಗಿದರೂ ಬಲಕ್ಕೆ ನೋಯುವುದರ ಗುಟ್ಟು ಅದು.

ವೈದ್ಯರು ಹೇಳಿದ ಮುಖ್ಯ ಔಷಧಿ ವ್ಯಾಯಾಮ. ಒಂದೇ ಕಾಲಿನ ಮೇಲೆ ಭಾರ ಹಾಕಿ ಸೊಂಟ ಓರೆ ಮಾಡಿಕೊಂಡು ನಿಲ್ಲಬಾರದು, ಕಾಲ ಮೇಲೆ ಕಾಲು ಹಾಕಿ ಕೂರಬಾರದು ಎಂಬ ಪಥ್ಯ ಬೇರೆ. ಆಸ್ಟ್ರೇಲಿಯಾದಲ್ಲಿ ಇಂಥ ನೋವಿದ್ದ 204 ಜನರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಎಂಟು ವಾರಗಳ ಕೊನೆಯಲ್ಲಿ, ಸ್ಟಿರಾಯ್ಡ್ ಇಂಜೆಕ್ಷನ್ ತೆಗೆದುಕೊಂಡವರಿಗಿಂತ ವ್ಯಾಯಾಮ ಮತ್ತು ತಿಳಿವಳಿಕೆ ಪಡೆದವರಲ್ಲಿ ಹೆಚ್ಚು ಮಂದಿ ಸುಧಾರಿಸಿದ್ದರು. ಆದ್ದರಿಂದ ಹಾಸಿಗೆಯೊಂದೇ ನೋವು ಗುಣಪಡಿಸುತ್ತದೆ ಎಂದು ಯಾರೂ ತಿಳಿಯಬಾರದು. ಗುಣವಾಗುವ ತನಕ ನಿದ್ದೆ ಕೆಡದಂತೆ ನೋಡಿಕೊಂಡರೆ ಅದರ ಕೆಲಸ ಆಯಿತು. ಬಿದ್ದು ಪೆಟ್ಟಾಗಿ ಕಾಲೂರಲು ಆಗದಿದ್ದರೆ, ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ, ಹೇಗೆ ಮಲಗಿದರೂ ಕೂತರೂ ರಾತ್ರಿಯೆಲ್ಲ ಒಂದೇ ಸಮನೆ ನೋಯುತ್ತಿದ್ದರೆ ಹಾಸಿಗೆ ಅಂಗಡಿಯ ಕಡೆ ತಲೆಯೇ ಹಾಕಬಾರದು; ನೇರ ಆಸ್ಪತ್ರೆಗೆ ಹೋಗಬೇಕು.

'ಹಾಸಿಗೆ ಎಂಥದ್ದು ಸಾರ್?' ಎಂದು ಬಾಗಿಲ ಬಳಿ ನಿಂತು ಕೇಳಿದೆ. 'ತೀರಾ ಗಟ್ಟಿ ಬೇಡ, ತೀರಾ ಮೆತ್ತಗೂ ಬೇಡ. ಮಂಡಿಗಳ ಮಧ್ಯೆ ಒಂದು ದಿಂಬು ಇಟ್ಟುಕೊಳ್ಳಲಿ' ಎಂದರು. ಹೊರಗೆ ಇನ್ನೂ ಮೂವತ್ತು ಜನ ಕಾದಿದ್ದರು. ತೀರಾ ಗಟ್ಟಿ ಎಂದರೆ ಎಷ್ಟು, ತೀರಾ ಮೆತ್ತಗೆ ಎಂದರೆ ಎಷ್ಟು ಎಂಬುದನ್ನು ನಾವೇ ಹುಡುಕಿಕೊಳ್ಳಬೇಕಾಯಿತು.

ಎಂಟನೇ ತರಗತಿಯಲ್ಲಿ 'ಬಲ ಮತ್ತು ಒತ್ತಡ' ಪಾಠ ಬಂದಾಗ ನಾನು ತಪ್ಪದೆ ಕೊಡುವ ಉದಾಹರಣೆ ಸಿಂಬಿಯದು. ತಲೆಯ ಮೇಲೆ ಕೊಡ ಹೊರುವವರು ಬಟ್ಟೆ ಸುತ್ತಿ ಸಿಂಬಿ ಮಾಡಿಕೊಳ್ಳುತ್ತಾರಲ್ಲ, ಅದರಿಂದ ಕೊಡದ ಭಾರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಭಾರ ಕೂರುವ ಜಾಗ ಅಗಲವಾಗುತ್ತದೆ, ಅಷ್ಟೆ. ಅದೇ ಭಾರ, ದೊಡ್ಡ ಜಾಗ. ಆದ್ದರಿಂದ ಒತ್ತಡ ಕಡಿಮೆ. ಹಾಸಿಗೆ ಎಂದರೆ ಇಡೀ ಮೈಗೆ ಮಾಡಿದ ಸಿಂಬಿ. ಆ ವಾರ ನನ್ನ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಟ್ಟೆ. ಮನೆಯಲ್ಲಿ ಮಕ್ಕಳಿದ್ದರೆ ನೀವೂ ಮಾಡಿಸಬಹುದು.

ಮಲಗಿದವರ ತೂಕ 60 ಕಿಲೋ ಎನ್ನೋಣ. (ಮನೆಯವರ ಸರಿಯಾದ ಅಂಕಿ ಬರೆಯಲು ಅನುಮತಿ ಸಿಕ್ಕಿಲ್ಲ.) ಅಂದರೆ ಸುಮಾರು 600 ನ್ಯೂಟನ್ ಬಲ. ಸಿಮೆಂಟು ನೆಲದ ಚಾಪೆಯ ಮೇಲೆ ಮಗ್ಗುಲಾದರೆ ಮೈ ನೆಲಕ್ಕೆ ತಾಗುವುದು ಭುಜ, ಸೊಂಟದ ಹೊರಮಗ್ಗುಲು, ಮಂಡಿ, ಹರಡು ಹೀಗೆ ಕೆಲವೇ ಕಡೆ. ಇದರಲ್ಲಿ ಮೂರನೇ ಒಂದು ಪಾಲು, 200 ನ್ಯೂಟನ್, ಸೊಂಟದ ಆ ಉಬ್ಬಿನ ಸುತ್ತ ಬಿತ್ತು ಎಂದುಕೊಳ್ಳಿ. ತಾಗುವ ಜಾಗ ಅಂಗೈಯಷ್ಟು, ಅಂದರೆ 100 ಚದರ ಸೆಂಟಿಮೀಟರ್. ಭಾಗಿಸಿದರೆ ಒತ್ತಡ 20,000 ಪ್ಯಾಸ್ಕಲ್. ರಕ್ತದೊತ್ತಡ ಅಳೆಯುವ ಪಾದರಸದ ಲೆಕ್ಕದಲ್ಲಿ ಹೇಳುವುದಾದರೆ 150 ಮಿಲಿಮೀಟರ್. ಚರ್ಮದ ಕೂದಲೆಳೆಯಂಥ ರಕ್ತನಾಳಗಳಲ್ಲಿರುವ ಒತ್ತಡವನ್ನು 1930ರಲ್ಲಿ ಯೂಜಿನ್ ಲ್ಯಾಂಡಿಸ್ ಎಂಬ ವಿಜ್ಞಾನಿ ಮನುಷ್ಯರ ಉಗುರಿನ ಬುಡದಲ್ಲಿ ಅಳೆದಿದ್ದರು. ರಕ್ತ ಒಳಬರುವ ತುದಿಯಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು 32 ಮಿಲಿಮೀಟರ್. ಹೊರಗಿನಿಂದ ಅದರ ನಾಲ್ಕೈದು ಪಟ್ಟು ಒತ್ತಿದರೆ ಆ ಜಾಗಕ್ಕೆ ರಕ್ತ ಸಲೀಸಾಗಿ ಹರಿಯುವುದಾದರೂ ಹೇಗೆ? ನಿದ್ದೆಯಲ್ಲಿ ನಾವು ಮಗ್ಗುಲು ಬದಲಿಸುತ್ತಲೇ ಇರುವುದು ದೇಹದ ಜಾಣತನ. ಆ ಜಾಗದಲ್ಲಿ ಮೊದಲೇ ಹುಣ್ಣಾದಂತೆ ನೋಯುತ್ತಿದ್ದರೆ ಈ ಜಾಣತನವೇ ನಿದ್ದೆಗೆ ಮಾರಿಯಾಗುತ್ತದೆ.

ಈಗ ಅದೇ ಸೊಂಟ ಒಂದಿಷ್ಟು ಇಳಿಯುವ ಹಾಸಿಗೆ ಹಾಕೋಣ. ತಾಗುವ ಜಾಗ 300 ಚದರ ಸೆಂಟಿಮೀಟರ್ ಆದರೂ ಒತ್ತಡ ಮೂರರಲ್ಲಿ ಒಂದಾಯಿತು, 50 ಮಿಲಿಮೀಟರ್. ಜೊತೆಗೆ ನಡುವೂ ತೊಡೆಯೂ ಹಾಸಿಗೆಗೆ ತಾಗಿ ಭಾರದಲ್ಲಿ ಪಾಲು ತೆಗೆದುಕೊಳ್ಳುವುದರಿಂದ ಅದು ಇನ್ನೂ ಇಳಿಯುತ್ತದೆ. ಇದು ಕರಿಹಲಗೆಯ ಲೆಕ್ಕ, ಆಸ್ಪತ್ರೆಯದಲ್ಲ. ಅಂಕಿಗಳಿಗಿಂತ ಅವು ಹೋಗುವ ದಿಕ್ಕು ಮುಖ್ಯ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: 'ಸಾರ್, ಹಂಗಾದ್ರೆ ಎಲ್ಲಕ್ಕಿಂತ ಮೆತ್ತಗಿರೋದೇ ತಗೊಂಡ್ರಾಯ್ತಲ್ಲ?' ಒಳ್ಳೆಯ ಪ್ರಶ್ನೆ. ಮಗುವನ್ನು ಮಲಗಿಸುವ ಜೋಲಿ ನೋಡಿ. ಅದರಲ್ಲಿ ಮೈಯ ಬಹುಪಾಲು ಬಟ್ಟೆಗೆ ತಾಗಿರುತ್ತದೆ, ಒತ್ತಡ ಬಹಳ ಕಡಿಮೆ. ಆದರೆ ಬೆನ್ನು ಬಿಲ್ಲಿನಂತೆ ಬಾಗಿರುತ್ತದೆ. ಕೂಸಿನ ಎಳೆ ಬೆನ್ನಿಗೆ ಅದು ನಡೆಯುತ್ತದೆ; ಐವತ್ತರ ಬೆನ್ನಿಗೆ ಎಂಟು ಗಂಟೆ ಹಾಗೆ ಬಾಗಿರು ಎಂದರೆ ಬೆಳಿಗ್ಗೆ ಅದು ಲೆಕ್ಕ ಚುಕ್ತಾ ಮಾಡುತ್ತದೆ. ಹೆಂಗಸರಲ್ಲಿ ನಡುವಿಗಿಂತ ಸೊಂಟದ ಮಗ್ಗುಲು ಅಗಲ. ಹಾಸಿಗೆ ತೀರಾ ಮೆತ್ತಗಿದ್ದರೆ ಸೊಂಟ ಹೂತುಹೋಗಿ ಬೆನ್ನುಮೂಳೆ ಕೆಳಕ್ಕೆ ಬಾಗುತ್ತದೆ. ಹೊರಳಬೇಕೆಂದರೆ ಹಳ್ಳದಿಂದ ಹತ್ತಿ ಬರಬೇಕು. ತೀರಾ ಗಟ್ಟಿಯಿದ್ದರೆ ಸೊಂಟ ಮೇಲೆಯೇ ನಿಂತು ನಡುವಿನ ಕೆಳಗೆ ಸೇತುವೆಯಂತೆ ಖಾಲಿ ಜಾಗ ಉಳಿಯುತ್ತದೆ. ಬೇಕಾದದ್ದು ಇವೆರಡರ ಮಧ್ಯದ್ದು: ಮೇಲೆ ಮೂಳೆಯ ಉಬ್ಬು ಇಳಿಯುವಷ್ಟು ಮೆತ್ತನೆಯ ಪದರ, ಅದರಡಿ ಇನ್ನು ಇಳಿಯಗೊಡದ ಗಟ್ಟಿ ಪದರ.

ಗಟ್ಟಿ ಹಾಸಿಗೆಯೇ ಒಳ್ಳೆಯದು ಎಂಬ ಮಾತನ್ನು ಹಿಂದೆ ವೈದ್ಯರೂ ಹೇಳುತ್ತಿದ್ದರು. ಅದನ್ನು ಪರೀಕ್ಷೆಗೆ ಹಚ್ಚಿದವರು ಸ್ಪೇನಿನ ಸಂಶೋಧಕರು. ಬಹುಕಾಲದಿಂದ ಬೆನ್ನಿನ ಕೆಳಭಾಗದ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟರು; ಯಾರಿಗೆ ಯಾವುದು ಎಂದು ಹೇಳಲಿಲ್ಲ. 90 ದಿನಗಳ ನಂತರ ಮಧ್ಯಮ ಹಾಸಿಗೆಯವರು ಹೆಚ್ಚು ನೆಮ್ಮದಿಯಾಗಿದ್ದರು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಬಂತು. ಅದು ಬೆನ್ನುನೋವಿನ ಅಧ್ಯಯನ, ತೊಡೆಯ ಹೊರಮಗ್ಗುಲ ನೋವಿನದಲ್ಲ ಎಂಬುದನ್ನು ನೆನಪಿಡಬೇಕು. ಆದರೂ ಹಲಗೆ ಹಾಕಿಸಿ ಎಂದ ನಮ್ಮ ನೆರೆಯವರಿಗೆ ಉತ್ತರ ಕೊಡಲು ಅಷ್ಟು ಸಾಕಾಗಿತ್ತು.

ದುಡ್ಡು ಖರ್ಚು ಮಾಡುವ ಮೊದಲು ಮನೆಯಲ್ಲೇ ಪ್ರಯೋಗ ಮಾಡೋಣ ಎಂದಳು ಮಗಳು. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳಿಗೆ ಓದು ಬಿಟ್ಟು ಉಳಿದೆಲ್ಲ ವಿಷಯಗಳಲ್ಲೂ ವಿಪರೀತ ಉತ್ಸಾಹ ಬರುತ್ತದೆ. ನಮ್ಮಲ್ಲಿದ್ದದ್ದು ಮೂರು ಬಗೆ: ಚಾಪೆ ಮತ್ತು ಜಮಖಾನ, ಹನ್ನೆರಡು ವರ್ಷ ಹಳೆಯ ನಾಲ್ಕಂಗುಲದ ತೆಂಗಿನನಾರಿನ ಹಾಸಿಗೆ, ಅದೇ ನಾರಿನ ಹಾಸಿಗೆಯ ಮೇಲೆ ಮಡಿಸಿ ಹಾಕಿದ ಎರಡು ಕಂಬಳಿ. ಪ್ರತಿಯೊಂದರ ಮೇಲೂ ನಾಲ್ಕು ರಾತ್ರಿ. ಎಷ್ಟು ಸಲ ಎದ್ದೆ ಎಂಬುದನ್ನು ಬೆಳಿಗ್ಗೆ ಕಾಫಿಗೆ ಮೊದಲು ಬರೆಯಬೇಕು.

ಇದರ ಜೊತೆಗೆ ಎರಡು ಪರೀಕ್ಷೆ. ಒಂದು ಹಳೆಯದು, ಯಾರು ಬೇಕಾದರೂ ಮಾಡಬಹುದು. ಮಗ್ಗುಲಾಗಿ ಮಲಗಿದವರ ನಡುವಿನ ಕೆಳಗೆ ಇನ್ನೊಬ್ಬರು ಅಂಗೈ ತೂರಿಸಬೇಕು. ಕೈ ಸಲೀಸಾಗಿ ಆಚೆ ಬಂದರೆ ಹಾಸಿಗೆ ಹೆಚ್ಚು ಗಟ್ಟಿ. ಬೆರಳೂ ತೂರದಿದ್ದರೆ ಹೆಚ್ಚು ಮೆದು. ತುಸು ಒತ್ತಿ ತೂರಿಸಬೇಕಾಗಿ ಬಂದರೆ ಸುಮಾರಾಗಿ ಸರಿ. ಎರಡನೆಯದು ಮಗಳ ಸ್ವಂತ ಸಂಶೋಧನೆ. ಹಣೆಗಿಡುವ ಸ್ಟಿಕ್ಕರ್‌ಗಳನ್ನು ಅಮ್ಮನ ನೈಟಿಯ ಬೆನ್ನಿಗೆ ಕತ್ತಿನಿಂದ ಕೆಳಗಿನವರೆಗೆ ಬೆನ್ನುಮೂಳೆಯ ಗುಂಟ ಸಾಲಾಗಿ ಅಂಟಿಸಿ, ಹಿಂದಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದಳು. ಆ ಚುಕ್ಕಿಗಳು ಹಾಸಿಗೆಗೆ ಸಮಾನಾಂತರವಾಗಿ ಒಂದೇ ಗೆರೆಯಲ್ಲಿ ಬಂದರೆ ಬೆನ್ನು ನೇರವಾಗಿದೆ ಎಂದು ಅರ್ಥ. ಚಾಪೆಯ ಫೋಟೋದಲ್ಲೂ ಬರಿಯ ನಾರಿನ ಹಾಸಿಗೆಯ ಫೋಟೋದಲ್ಲೂ ಗೆರೆ ಸೊಟ್ಟಗಿತ್ತು. ಕಂಬಳಿಯ ಫೋಟೋದಲ್ಲಿ ಹೆಚ್ಚು ಕಡಿಮೆ ನೇರ. ನೋಟ್‌ಬುಕ್ಕಿನ ಅಂಕಿಗಳೂ ಅದನ್ನೇ ಹೇಳಿದವು: ಚಾಪೆಯಲ್ಲಿ ರಾತ್ರಿಗೆ ಐದಾರು ಸಲ, ನಾರಿನಲ್ಲಿ ನಾಲ್ಕು ಸಲ, ಕಂಬಳಿ ಹಾಕಿದ ಮೇಲೆ ಎರಡು ಸಲ ಎಚ್ಚರ. ಒಬ್ಬರೇ ಮನುಷ್ಯರು, ಕೆಲವೇ ರಾತ್ರಿಗಳು, ಮೇಲಾಗಿ ಯಾವುದರ ಮೇಲೆ ಮಲಗಿದ್ದೇನೆಂದು ಮಲಗಿದವಳಿಗೇ ಗೊತ್ತು. ಇದನ್ನು ವಿಜ್ಞಾನದ ಪುರಾವೆ ಎಂದು ಯಾರೂ ಒಪ್ಪುವುದಿಲ್ಲ. ನಮಗೆ ಬೇಕಾಗಿದ್ದದ್ದು ಮಾತ್ರ ಸಿಕ್ಕಿತ್ತು. ಇರುವ ಗಟ್ಟಿ ಹಾಸಿಗೆಗೆ ಮೇಲೊಂದು ಮೆತ್ತನೆಯ ಪದರ ಸಾಕೆಂಬುದು ಒಂದು ಬಿಡಿಕಾಸೂ ಖರ್ಚಿಲ್ಲದೆ ತಿಳಿದಿತ್ತು.

ಮಂಡಿಗಳ ಮಧ್ಯದ ದಿಂಬಿನ ವಿಷಯ ಹೇಳಲೇಬೇಕು. ಇಡೀ ಪ್ರಕರಣದಲ್ಲಿ ಅತಿ ಅಗ್ಗದ್ದು, ಅತಿ ಉಪಯೋಗದ್ದು ಅದೇ. ಮೇಲಿನ ಕಾಲು ಕೆಳಕ್ಕೆ ಜಾರದಂತೆ ಅದು ತಡೆಯುತ್ತದೆ. ಮಂಡಿಯಿಂದ ಹರಡಿನವರೆಗೆ ಉದ್ದಕ್ಕೂ ಇರಬೇಕು. ಮಂಡಿಯ ನಡುವೆ ಮಾತ್ರ ಸಣ್ಣ ದಿಂಬು ಇಟ್ಟರೆ ಪಾದ ಕೆಳಗೆ ಬಿದ್ದು ತೊಡೆ ತಿರುಚಿಕೊಳ್ಳುತ್ತದೆ. ತಲೆದಿಂಬೂ ಅಷ್ಟೆ, ಭುಜದ ಅಗಲ ಎಷ್ಟೋ ಅಷ್ಟು ಎತ್ತರವಿರಬೇಕು. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮ ಕೂಡ ರೇಷ್ಮೆಯ ದಿಂಬುಗಳನ್ನು ಬೇಡವೆಂದು, ಜೋತುಬಿದ್ದ ತಲೆಗೆ ಅರ್ಜುನನಿಂದ ಮೂರು ಬಾಣಗಳ ಆಸರೆ ಕೇಳಿ ಪಡೆದನಲ್ಲ! ಹಾಸಿಗೆಗೆ ತಕ್ಕ ದಿಂಬು ಎಂಬ ತತ್ವ ಪಿತಾಮಹನಿಗೂ ಗೊತ್ತಿತ್ತು.

ಇನ್ನು ಅಂಗಡಿ. ಅಂಗಡಿಯಲ್ಲಿ ಮೊದಲು ಎದುರಾಗುವುದು 'ಆರ್ಥೋ' ಎಂಬ ಪದ. ಅದು ಮಾರಾಟದ ಮಾತು. ಇಷ್ಟೇ ಗಟ್ಟಿಯಿರಬೇಕೆಂಬ ವೈದ್ಯಕೀಯ ಅಳತೆ ಅದರ ಹಿಂದಿಲ್ಲ. ಸಾಮಾನ್ಯವಾಗಿ ಗಟ್ಟಿ ಹಾಸಿಗೆಗೆ ಆ ಚೀಟಿ ಅಂಟಿಸಿರುತ್ತಾರೆ. ಈ ಪದದ ಹುಟ್ಟು ಸ್ವಾರಸ್ಯವಾಗಿದೆ. 1741ರಲ್ಲಿ ನಿಕೊಲಾ ಆಂದ್ರಿ ಎಂಬ ಫ್ರೆಂಚ್ ವೈದ್ಯ, ಮಕ್ಕಳ ಮೈಕಟ್ಟು ಸೊಟ್ಟಗಾಗದಂತೆ ನೋಡಿಕೊಳ್ಳುವುದು ಹೇಗೆಂದು ಬರೆದ ಪುಸ್ತಕಕ್ಕಾಗಿ ಇದನ್ನು ಕಟ್ಟಿದ. ಗ್ರೀಕಿನಲ್ಲಿ ಆರ್ಥೋಸ್ ಎಂದರೆ ನೇರ, ಪೈಡಿಯಾನ್ ಎಂದರೆ ಮಗು. ಮಕ್ಕಳ ಬೆನ್ನಿಗೆ ಹುಟ್ಟಿದ ಪದ ಈಗ ಅಜ್ಜಿ ತಾತಂದಿರ ಹಾಸಿಗೆಗೆ ಅಂಟಿಕೊಂಡಿದೆ.

ಎರಡನೆಯದು 'ಡೆನ್ಸಿಟಿ'. 'ಇದು 40 ಡೆನ್ಸಿಟಿ ಸಾರ್, ಗಟ್ಟಿ ಮಾಲು' ಎನ್ನುತ್ತಾರೆ. 40 ಎಂದರೆ ಒಂದು ಘನ ಮೀಟರ್ ಫೋಮಿನ ತೂಕ 40 ಕಿಲೋ ಎಂದಷ್ಟೇ. ಸಾಂದ್ರತೆ ಬೇರೆ, ಗಡಸುತನ ಬೇರೆ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಉಕ್ಕಿಗಿಂತ ಪಾದರಸದ ಸಾಂದ್ರತೆ ಹೆಚ್ಚು, ಆದರೆ ಪಾದರಸ ದ್ರವ. ಫೋಮು ಎಷ್ಟು ಗಟ್ಟಿ ಎಂಬುದನ್ನು ಅಳೆಯುವ ಕ್ರಮವೇ ಬೇರೆ: ದುಂಡನೆಯ ಬಿಲ್ಲೆಯೊಂದನ್ನು ಗೊತ್ತಾದ ಆಳಕ್ಕೆ ಒತ್ತಲು ಎಷ್ಟು ಬಲ ಬೇಕೆಂದು ನೋಡುತ್ತಾರೆ. ಒಂದೇ ಬಗೆಯ ಫೋಮಿನಲ್ಲಿ ಸಾಂದ್ರತೆ ಹೆಚ್ಚಿದ್ದರೆ ಸಾಮಾನ್ಯವಾಗಿ ಬಾಳಿಕೆ ಹೆಚ್ಚು, ಬೇಗ ಹಳ್ಳ ಬೀಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದು ಹೌದು. ಆದರೆ ಅದು ನಮ್ಮ ಸೊಂಟದ ಪ್ರಶ್ನೆಗೆ ಉತ್ತರವಲ್ಲ.

ಮಿಕ್ಕಂತೆ ಬಗೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಲ್ಲು ಹಿಡಿದು ಎಕ್ಕಿದ ಹೊಸ ಹತ್ತಿಯ ಹಾಸಿಗೆ ಹಾಯಾಗಿರುತ್ತದೆ, ಗಾಳಿಯಾಡುತ್ತದೆ. ಆದರೆ ಕೆಲವು ವರ್ಷದಲ್ಲಿ ಹತ್ತಿ ಗಂಟುಗಟ್ಟಿ ಸೊಂಟ ಇಡುವಲ್ಲೇ ಹಳ್ಳವಾಗುತ್ತದೆ. ಮತ್ತೆ ಎಕ್ಕಿಸಬೇಕು, ಎಕ್ಕುವವರು ಈಗ ಬೀದಿಯಲ್ಲಿ ಕೂಗಿಕೊಂಡು ಬರುವುದು ಅಪರೂಪ. ತೆಂಗಿನನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡಿದ ಹಾಸಿಗೆಗೆ ನಮ್ಮ ಕಡೆ, ಯಾವ ಕಂಪನಿಯದಾದರೂ, ಕರ್ಲಾನ್ ಎಂದೇ ಹೆಸರು, ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ. ಗಟ್ಟಿ, ತಂಪು, ಕೆಳಪದರಕ್ಕೆ ಹೇಳಿ ಮಾಡಿಸಿದ್ದು. ಮೆಮೊರಿ ಫೋಮ್ ಹುಟ್ಟಿದ್ದು 1966ರಲ್ಲಿ, ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ವಿಮಾನದ ಆಸನಗಳಿಗೆ ಒದಗಿಸಿದ ವಸ್ತುವಾಗಿ. ಮೈಯ ಶಾಖಕ್ಕೆ ಮೆತ್ತಗಾಗಿ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ, ಒತ್ತಡ ಹಂಚುವುದರಲ್ಲಿ ಜಾಣ. ಆದರೆ ಚಳಿಯಲ್ಲಿ ಗಟ್ಟಿಯಾಗುತ್ತದೆ, ಬೇಸಿಗೆಯಲ್ಲಿ ಕೆಲವರಿಗೆ ಸೆಕೆ, ಹೊರಳುವಾಗ ಕೆಸರಿನಲ್ಲಿ ಕಾಲಿಟ್ಟಂತೆ. ರಬ್ಬರ್ ಹಾಲನ್ನು ನೊರೆ ಬರಿಸಿ ಬೇಯಿಸಿದ ಲೇಟೆಕ್ಸ್ ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ತಕ್ಷಣ ಎದ್ದು ಬರುತ್ತದೆ, ಹೊರಳಲು ಸುಲಭ. ಬೆಲೆ ಮಾತ್ರ ಹೊರಳುವಷ್ಟು ಸುಲಭವಲ್ಲ.

ತುಮಕೂರಿನ ಅಂಗಡಿಗೆ ಮೂವರೂ ಹೋದೆವು. ಜನ ಹಾಸಿಗೆ ಕೊಳ್ಳುವ ರೀತಿಯೇ ವಿಚಿತ್ರ. ಮುಷ್ಟಿಯಿಂದ ಎರಡು ಸಲ ಗುದ್ದಿ, ಅಂಚಿನಲ್ಲಿ ಕೂತು ಎರಡು ಸಲ ಕುಪ್ಪಳಿಸಿ, ಬೆಲೆ ಕೇಳುತ್ತಾರೆ. ಮುಷ್ಟಿಗೆ ನೋವಿಲ್ಲವಲ್ಲ! ಮಲಗಿ ನೋಡಬೇಕು, ಅದೂ ಮನೆಯಲ್ಲಿ ಮಲಗುವ ಭಂಗಿಯಲ್ಲಿ, ಹತ್ತು ಹದಿನೈದು ನಿಮಿಷ. ಇಷ್ಟನ್ನು ಹೇಳುವುದು ಸುಲಭ. ಸೀರೆ ಉಟ್ಟ ಹೆಂಗಸು, ಬೀದಿಗೆ ತೆರೆದ ಅಂಗಡಿಯಲ್ಲಿ, ನಾಲ್ಕು ಹುಡುಗರು ನಿಂತು ನೋಡುತ್ತಿರುವಾಗ ಮಗ್ಗುಲಾಗಿ ಮಲಗುವುದು ಹೇಗೆ? ನನ್ನ ಹೆಂಡತಿ ಅಂಚಿನಲ್ಲಿ ಕೂತವಳು, 'ಚೆನ್ನಾಗಿದೆ, ಇದೇ ಇರಲಿ, ನಡೀರಿ' ಎಂದು ಎದ್ದೇಬಿಟ್ಟಳು. ಅದು ಅಂಗಡಿಯಲ್ಲೇ ಅತ್ಯಂತ ಗಟ್ಟಿಯಾದ, ಅತ್ಯಂತ ಅಗ್ಗದ ಹಾಸಿಗೆ.

ಗಲ್ಲಾದಲ್ಲಿ ಕೂತಿದ್ದವರು ಅಂಗಡಿಯವರ ತಾಯಿ ಇರಬೇಕು, ಎಪ್ಪತ್ತು ದಾಟಿದವರು. ಅಷ್ಟು ಹೊತ್ತೂ ಸುಮ್ಮನೆ ನೋಡುತ್ತಿದ್ದರು. ಹುಡುಗರನ್ನು ಕರೆದು, 'ಹೋಗ್ರೋ, ಗೋಡೌನ್‌ನಿಂದ ಮಾಲು ತಗೊಂಡು ಬನ್ನಿ, ನಿಧಾನಕ್ಕೆ ಬನ್ನಿ' ಎಂದು ಕಳಿಸಿದರು. ಮಗನಿಗೆ ಶಟರ್ ಅರ್ಧ ಎಳೆಯಲು ಹೇಳಿದರು. ನನ್ನ ಕಡೆ ತಿರುಗಿ, 'ನೀವೂ ಆಚೆ ಹೋಗಿ ಕಾಫಿ ಕುಡಿದು ಬನ್ನಿ ಮೇಷ್ಟ್ರೇ' ಎಂದರು. ನಾನು ಮೇಷ್ಟ್ರು ಎಂದು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಾನು ಕಾಫಿ ಕುಡಿದು, ಪೇಪರ್ ಓದಿ, ಮುಕ್ಕಾಲು ಗಂಟೆ ಬಿಟ್ಟು ಬಂದಾಗ ಅಮ್ಮ ಮಗಳು ಐದು ಹಾಸಿಗೆಗಳ ಮೇಲೆ ಪ್ರಯೋಗ ಮುಗಿಸಿದ್ದರು. ಆ ಹಿರಿಯರೂ ಸೇರಿಕೊಂಡು ನಡುವಿನ ಕೆಳಗೆ ಕೈ ತೂರಿಸಿ ನೋಡಿದ್ದರಂತೆ. ಅವರಿಗೂ ಎಡಗಡೆ ಅದೇ ನೋವಂತೆ, ಮೂರು ವರ್ಷದಿಂದ. ಅಂಗಡಿ ತುಂಬ ಹಾಸಿಗೆ ಇಟ್ಟುಕೊಂಡು ಅವರು ಮಲಗುತ್ತಿದ್ದದ್ದು ಚಾಪೆಯ ಮೇಲೆ.

ಕೊನೆಗೆ ಕೊಂಡದ್ದು ಹೊಸದಾದ ನಾಲ್ಕಂಗುಲದ ನಾರಿನ ಹಾಸಿಗೆ, ಅದರ ಮೇಲೆ ಹಾಸಲು ಎರಡಂಗುಲದ ಲೇಟೆಕ್ಸ್ ಹಾಳೆ. ಎರಡೂ 6 ಅಡಿಗೆ 3 ಅಡಿ. ನಮ್ಮ ಮನೆಯಲ್ಲಿರುವುದು ಜೋಡಿಸಿಟ್ಟ ಎರಡು ಒಂಟಿ ಮಂಚ. ಗಂಡ ಹೆಂಡತಿ ಒಂದೇ ಹಾಸಿಗೆಯನ್ನು ಮೆಚ್ಚಬೇಕೆಂಬ ಕಟ್ಟಳೆಯೇನಿಲ್ಲ. ನನ್ನ ತೂಕ ಅವಳಿಗಿಂತ ಇಪ್ಪತ್ತು ಕಿಲೋ ಹೆಚ್ಚು. ಅವಳಿಗೆ ಹದವಾಗಿ ಇಳಿಯುವುದು ನನಗೆ ಹಳ್ಳವಾಗುತ್ತದೆ. ನಾನು ಹಳೆಯ ನಾರಿನ ಮೇಲೆಯೇ ಉಳಿದೆ. ಖರ್ಚು 12,000 ರೂಪಾಯಿ ದಾಟಿತು. ದೊಡ್ಡ ಮಂಚದ ಪೂರ್ತಿ ಹಾಸಿಗೆಗೆ ಅದೇ ಅಂಗಡಿಯಲ್ಲಿ ಹೇಳಿದ್ದು ಅದರ ಮೂರು ಪಟ್ಟು. ಇತ್ತೀಚೆಗೆ ಅಂತರಜಾಲದಲ್ಲಿ ಮಾರುವ ಕೆಲವು ಕಂಪನಿಗಳು ನೂರು ರಾತ್ರಿ ಮಲಗಿ ನೋಡಿ, ಬೇಡವಾದರೆ ಹಿಂದಿರುಗಿಸಿ ಎನ್ನುತ್ತವೆ. ನಾಚಿಕೆಯವರಿಗೆ ಅದು ಅನುಕೂಲವೇ. ಆದರೆ ವಾಪಸು ಒಯ್ಯುವ ಖರ್ಚು ಯಾರದು, ನಮ್ಮ ಊರಿಗೆ ಬಂದು ಒಯ್ಯುತ್ತಾರೆಯೇ ಎಂಬುದನ್ನು ದುಡ್ಡು ಕಟ್ಟುವ ಮೊದಲು ಓದಿಕೊಳ್ಳಬೇಕು.

ಮೊದಲ ವಾರ ಅವಳಿಗೆ ಹೊಸ ಹಾಸಿಗೆ ಒಗ್ಗಲಿಲ್ಲ. ಬೇರೆಯವರ ಮನೆಯಲ್ಲಿ ಮಲಗಿದ ಹಾಗಿದೆ ಎನ್ನುತ್ತಿದ್ದಳು. ಮೂರನೆಯ ವಾರದ ಹೊತ್ತಿಗೆ ಹಾಲಿನ ಕುರ್ಚಿ ರಾತ್ರಿ ಖಾಲಿ ಇರತೊಡಗಿತು. ವ್ಯಾಯಾಮವನ್ನು ಬಿಡದೆ ನಾಲ್ಕು ತಿಂಗಳು ಮಾಡಿದಳು. ನೋವು ಬಹುಪಾಲು ಇಳಿದದ್ದು ಅದರಿಂದಲೇ ಎಂದು ನನ್ನ ನಂಬಿಕೆ, ಹಾಸಿಗೆಯಿಂದ ಎಂದು ಅವಳದು. ಈಗಲೂ ದೂರ ಬಸ್ಸಿನಲ್ಲಿ ಕೂತು ಬಂದ ದಿನ ಒಂದೆರಡು ಸಲ ಏಳುತ್ತಾಳೆ. ದಿಂಬು ಸರಿಮಾಡಿಕೊಂಡು ಮತ್ತೆ ಮಲಗುತ್ತಾಳೆ.

2024ರಲ್ಲಿ ಮಗಳಿಗೆ ಮೈಸೂರಿನಲ್ಲಿ ಸೀಟು ಸಿಕ್ಕಿತು. ಹಾಸ್ಟೆಲಿನವರು ಕೊಟ್ಟ ಪಟ್ಟಿಯಲ್ಲಿ ಬಕೆಟ್ಟು, ಬೀಗ, ತಟ್ಟೆಯ ಜೊತೆಗೆ 6 ಅಡಿಗೆ 2½ ಅಡಿಯ ಹಾಸಿಗೆಯೂ ಇತ್ತು. ಕಬ್ಬಿಣದ ಮಂಚಕ್ಕೆ ಎರಡಂಗುಲದ ಫೋಮು ಸಾಕು, ಎಲ್ಲರೂ ಅದನ್ನೇ ಒಯ್ಯುತ್ತಾರೆ ಎಂದರು ಅಲ್ಲಿನ ಅಂಗಡಿಯವರು. ನನ್ನ ಹೆಂಡತಿ ಅದನ್ನು ನೆಲದ ಮೇಲೆ ಹಾಸಲು ಹೇಳಿ, 'ಮಗ್ಗುಲಾಗಿ ಮಲಗು' ಎಂದಳು ಮಗಳಿಗೆ. ಅಂಗಡಿಯ ತುಂಬ ಹಾಸ್ಟೆಲಿಗೆ ಸೇರುವ ಮಕ್ಕಳು, ಅವರ ಅಪ್ಪ ಅಮ್ಮಂದಿರು.

'ಅಮ್ಮಾ, ಎಲ್ಲರೂ ನೋಡ್ತಿದಾರೆ.'

'ನೋಡಲಿ ಬಿಡು. ಹತ್ತು ನಿಮಿಷ ಏಳಬೇಡ' ಎಂದು ಅವಳ ನಡುವಿನ ಕೆಳಗೆ ಅಂಗೈ ತೂರಿಸಿದಳು. ಕೈ ಸಲೀಸಾಗಿ ಆಚೆ ಬಂತು. 'ಇದು ಬೇಡ, ನಾಲ್ಕಂಗುಲದ್ದು ತೋರಿಸಿ' ಎಂದಳು ಅಂಗಡಿಯವರಿಗೆ. ಪಕ್ಕದಲ್ಲಿ ಎರಡಂಗುಲದ್ದಕ್ಕೆ ದುಡ್ಡು ಎಣಿಸುತ್ತಿದ್ದ ಒಬ್ಬರು ತಾಯಿ ಎಣಿಸುವುದನ್ನು ನಿಲ್ಲಿಸಿ ನೋಡಿದರು.